ಆರು ಗಂಟೆಯ ಮ್ಯಾಂಡೊಲಿನ್

ಮಾರ್ಚ್ 4

ಪೂಜ್ಯ ದೊಡ್ಡಮ್ಮನವರಿಗೆ,

ನಮಸ್ಕಾರಗಳು. ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ.

ಐದು ತಿಂಗಳಿಂದ ಬರೆಯದೆ ಇದ್ದುದಕ್ಕೆ ಕಾರಣವೇನೂ ಇಲ್ಲ. ಇಲ್ಲಿ ಒಂದು ದಿನ ಇನ್ನೊಂದರ ಹಾಗೇ ಇರುತ್ತದೆ. ಬರೆಯಲು ಕೂತರೆ ಹಿಂದಿನ ಕಾಗದವನ್ನೇ ನಕಲು ಮಾಡಿದ ಹಾಗಾಗುತ್ತದೆ. ಈಗ ಒಂದು ಕೆಲಸ ಬಿದ್ದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಜೈಲಿಗೆ ಯಾರೋ ಒಂದು ಗಿಟಾರ್ ದಾನ ಕೊಟ್ಟಿದ್ದಾರೆ. ಬಕೆಟ್ಟು, ಪೊರಕೆ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ಬಾಗಿಲ ಮೇಲೆ ‘ಸಂಗೀತ ಕೊಠಡಿ’ ಎಂದು ಬರೆದಿದ್ದಾರೆ. ನಾನು ಬಂದ ದಿನ ಕಸುಬು ಏನೆಂದು ಕೇಳಿದ್ದಕ್ಕೆ ‘ಗಿಟಾರ್ ವಾದಕ’ ಎಂದು ಬರೆಸಿದ್ದೆ. ಎರಡು ವರ್ಷದ ಮೇಲೆ ಯಾರೋ ಅದನ್ನು ಓದಿ, ಲಾಂಡ್ರಿಯಿಂದ ಕರೆಸಿ, ಗಿಟಾರನ್ನು ಕೈಗೆ ಕೊಟ್ಟರು. ತಂತಿಗಳನ್ನು ಹೊರುವ ಕುದುರೆ ಹಿಂಬದಿಯಿಂದ ಎದ್ದಿದೆ. ಸಂದಿನಲ್ಲಿ ಪೋಸ್ಟ್ ಕಾರ್ಡು ತೂರುತ್ತದೆ. ತಂತಿ ಇರುವುದು ಐದೇ, ಅವೂ ನೈಲಾನಿನವು. ಉಕ್ಕಿನ ತಂತಿ ಇಲ್ಲಿ ಆಯುಧದ ಪಟ್ಟಿಯಲ್ಲಿದೆ. ಉಳಿ, ಚಾಕು, ಬಿಗಿಯುವ ಹಿಡಿಕೆ ಯಾವುದೂ ಸಿಗುವುದಿಲ್ಲ. ಇಷ್ಟರಲ್ಲೇ ಕುದುರೆಯನ್ನು ಕೂರಿಸುವುದು ಹೇಗೆಂದು ತಿಳಿಸಬೇಕು.

ಇನ್ನೊಂದು ವಿಷಯ. ನಾಲ್ಕು ವರ್ಷದ ಶಿಕ್ಷೆಯಲ್ಲಿ ಅರ್ಧ ಮುಗಿಸಿದವರ ಕಡತ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಂಡಳಿಯ ಮುಂದೆ ಹೋಗುತ್ತದೆಂದು ಕಲ್ಯಾಣಾಧಿಕಾರಿ ಮೇಡಂ ಹೇಳಿದರು. ನಾನು ಅರ್ಜಿಗೆ ಸಹಿ ಹಾಕಬೇಕು. ಸತ್ತವರ ಮನೆಯವರೂ ತಮ್ಮ ಅಭಿಪ್ರಾಯ ಬರೆದು ಕೊಡಬೇಕು. ಅಂದರೆ ನೀವು. ಒಂದು ಫಾರ್ಮು ನಿಮ್ಮ ವಿಳಾಸಕ್ಕೆ ಬರುತ್ತದೆ. ಎರಡೂ ಆಗಸ್ಟ್ ಕೊನೆಯೊಳಗೆ ತಲುಪದಿದ್ದರೆ ಇನ್ನೆರಡು ವರ್ಷ ಪೂರ್ತಿ ಇಲ್ಲೇ. ನಾನು ಓಡಿಸುತ್ತಿದ್ದ ವ್ಯಾನಿನಲ್ಲಿ ಪ್ರಾಣ ಬಿಟ್ಟವನು ನಿಮ್ಮ ಮಗ. ಆದ್ದರಿಂದ ಬರೆಯಲೇಬೇಕೆಂಬ ಒತ್ತಾಯ ನನ್ನ ಕಡೆಯಿಂದ ಇಲ್ಲ.

ಇಂತಿ,
ನಿಮ್ಮ ತಂಗಿಯ ಮಗ


ಮಾರ್ಚ್ 15

ಚಿರಂಜೀವಿ ಗಡಿಯಾರನಿಗೆ ದೊಡ್ಡಮ್ಮನ ಆಶೀರ್ವಾದ. ಇದನ್ನು ಅವನಿಗಿಂತ ಮೊದಲು ಓದುವ ಅಧಿಕಾರಿಗಳಿಗೂ ನಮಸ್ಕಾರ. ನನ್ನ ಅಕ್ಷರ ಕಾಗೆ ಕಾಲು, ಸೈರಿಸಿಕೊಳ್ಳಿ.

ಏನಪ್ಪಾ, ‘ಪೂಜ್ಯ’ ಅಂತ ಬರೆದಿದ್ದೀಯಲ್ಲ, ನನ್ನನ್ನು ಪೀಠದ ಮೇಲೆ ಕೂರಿಸಿ ದೂರದಿಂದಲೇ ಕೈ ಮುಗಿಯುವ ಯೋಚನೆಯೋ? ತಾಯಿ ಹೋದ ಮೇಲೆ ಆರು ವರ್ಷದವನು ಒಂದು ಚೀಲ ಹಿಡಿದು ನಮ್ಮ ಮನೆಗೆ ಬಂದೆ. ಅವತ್ತಿನಿಂದ ‘ದೊಡ್ಡಮ್ಮಾ ಬಾ, ದೊಡ್ಡಮ್ಮಾ ಹೋಗು’ ಅಂತಲೇ ಬೆಳೆದವನಿಗೆ ಈಗ ‘ನೀವು’ ಎಲ್ಲಿಂದ ಬಂತು? ಜೈಲಿನಲ್ಲಿ ಮರ್ಯಾದೆ ಪುಕ್ಕಟೆ ಹಂಚುತ್ತಾರೇನು?

ಕುದುರೆಯ ವಿಷಯ. ಮೊದಲು ತಂತಿಗಳನ್ನೆಲ್ಲಾ ಸಡಿಲ ಬಿಡು. ಸಂದಿನಲ್ಲಿರುವ ಹಳೆ ಅಂಟನ್ನು ಗಟ್ಟಿ ಕಾಗದ ಮಡಿಸಿ, ಅದರ ಅಂಚಿನಿಂದ ಕೆರೆದು ತೆಗೆ. ಆತುರ ಪಟ್ಟು ಚಮಚದ ಹಿಡಿ ತೂರಿಸಬೇಡ, ಹಲಗೆಯ ನಾರು ಎದ್ದು ಬರುತ್ತದೆ. ಬಡಗಿಗಳು ಬಳಸುವ ಬಿಳಿ ಅಂಟನ್ನು ಮೇಡಂ ಹತ್ತಿರ ಕೇಳಿ ಪಡೆ, ಅದು ಯಾವ ಪಟ್ಟಿಯಲ್ಲೂ ಇರಲಾರದು. ಅದೇ ಕಾಗದದ ಮೇಲೆ ಅಂಟು ಹಚ್ಚಿ ಒಳಗೆ ದೂಡು, ಉಕ್ಕಿ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸು. ಬಿಗಿಯುವುದಕ್ಕೆ ಹಿಡಿಕೆ ಇಲ್ಲ ಅಂದೆ. ಕುದುರೆಯ ಮೇಲೆ ಒಂದು ಹೊಸ ಸೋಪು ಮಲಗಿಸು, ಅದರ ಮೇಲೆ ದಿಂಬಿನ ಚೀಲದಲ್ಲಿ ಪುಸ್ತಕ ತುಂಬಿ ಇಡು. ಭಾರ ಸೋಪಿನ ಮೂಲಕವೇ ಇಳಿಯಬೇಕು, ಹಲಗೆಗೆ ತಾಗಬಾರದು. ಎರಡು ದಿನ ಮುಟ್ಟಬೇಡ. ಆಮೇಲೆ ಉಗುರಿನಿಂದ ತಟ್ಟು. ಹಿಡಿದಿದ್ದರೆ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ, ಹಿಡಿಯದಿದ್ದರೆ ಖಾಲಿ ಡಬ್ಬಿ.

ಹಿಡಿದ ಮೇಲೂ ಮರ ಸ್ವಲ್ಪ ದಿನ ಮುನಿಸಿಕೊಂಡಿರುತ್ತದೆ. ದಿನಾ ನುಡಿಸು. ಮೂರು ವಾರಕ್ಕೆ ಬಾಯಿ ಬಿಡುತ್ತದೆ. ನಮ್ಮ ಅಂಗಡಿಯ ಕ್ರಮ ನಿನಗೆ ಗೊತ್ತೇ ಇದೆ.

ನನ್ನದು ಎಂದಿನಂತೆ. ಮುಂದಿನ ಕೋಣೆಯಲ್ಲಿ ಅದೇ ಮೇಜು, ಕಿಟಕಿಯಾಚೆ ಅದೇ ದರ್ಜಿ. ನಿಮ್ಮ ದೊಡ್ಡಪ್ಪ ಕುರ್ಚಿ ಮಾಡುತ್ತಿದ್ದ ಕಾಲದಲ್ಲಿ ಯಾರೋ ಮುರಿದ ಗಿಟಾರ್ ತಂದು ಕೊಟ್ಟು ವಾಪಸ್ಸು ಬರಲೇ ಇಲ್ಲವಲ್ಲ, ಅದನ್ನು ಬಿಚ್ಚಿ ಕಟ್ಟಿ ನಾನು ಕಲಿತದ್ದಷ್ಟೇ ವಿದ್ಯೆ. ಶಾಲೆ ನಾಲ್ಕನೇ ತರಗತಿಗೆ ನಿಂತಿತು, ಕಿವಿ ನಿಲ್ಲಲಿಲ್ಲ. ಭಾನುವಾರ ನಿಮ್ಮ ತಂಡದ ಕಂಬ ಬರುತ್ತಾನೆ. ತನಗಿಂತ ಎತ್ತರದ ಬಾಸ್ ಪಿಟೀಲನ್ನು ಬಾಗಿಲಲ್ಲಿ ತೂರಿಸುವಷ್ಟರಲ್ಲಿ ಅರ್ಧ ಗಂಟೆ. ಒಂದು ಮಾತೂ ಆಡುವುದಿಲ್ಲ. ನಾಲ್ಕು ಸ್ವರ ಎಳೆಯುತ್ತಾನೆ, ಟೀ ಕುಡಿಯುತ್ತಾನೆ, ಹೋಗುತ್ತಾನೆ. ಹೋದ ವಾರ ಕೋಣೆಯೆಲ್ಲಾ ಒರೆಸಿದೆ, ಅಟ್ಟದ ಮೇಲಿನ ಒಂದು ಪೆಟ್ಟಿಗೆ ಬಿಟ್ಟು.

ಹಾಳೆ ಮುಗಿಯಿತು.
ದೊಡ್ಡಮ್ಮ


ಏಪ್ರಿಲ್ 2

ದೊಡ್ಡಮ್ಮನವರಿಗೆ,

‘ಪೂಜ್ಯ’ ತೆಗೆದಿದ್ದೇನೆ. ಉಳಿದದ್ದು ಇರಲಿ ಬಿಡಿ.

ಕುದುರೆ ಕೂತಿತು. ಭಾರಕ್ಕೆ ಗ್ರಂಥಾಲಯದಿಂದ ಹನ್ನೊಂದು ಕಾನೂನು ಪುಸ್ತಕ ತಂದೆ. ಅಡುಗೆಮನೆಯಲ್ಲಿ ಕೆಲಸ ಮಾಡುವ ಕೈದಿಯೊಬ್ಬರಿದ್ದಾರೆ, ಎಲ್ಲರೂ ಭಟ್ಟಿಯಣ್ಣ ಎನ್ನುತ್ತಾರೆ. ಅವರು ಬಂದು ನೋಡಿ, “ಇಷ್ಟು ಕಾನೂನು ಮೇಲೆ ಬಿದ್ದಿದ್ರೆ ನಾನೂ ನೆಟ್ಟಗಾಗ್ತಿದ್ದೆ” ಎಂದರು.

ಕೋಣೆಯಲ್ಲಿ ನಾದ ಸತ್ತ ಹಾಗೆ ಕೇಳುತ್ತದೆ. ಅದಕ್ಕೆ ಸಂಜೆ ಅರ್ಧ ಗಂಟೆ ಮೆಟ್ಟಿಲ ಬುಡದಲ್ಲಿ ಕೂರಲು ಅನುಮತಿ ಕೇಳಿದೆ. ನಾಲ್ಕು ಮಹಡಿಗೂ ಅದೊಂದೇ ಮೆಟ್ಟಿಲು, ಬಾವಿಯ ಹಾಗೆ. ಕೆಳಗೆ ಒಂದು ತಂತಿ ಮೀಟಿದರೆ ಮೇಲಿನ ತಗಡಿಗೆ ಹೋಗಿ ಮುಟ್ಟಿ ವಾಪಸ್ಸು ಬರುತ್ತದೆ. ಮೊದಲ ದಿನ ಮೂರನೇ ಮಹಡಿಯಿಂದ ಯಾರೋ ಕೂಗಿದರು, “ಯಾರಪ್ಪಾ ಅದು? ಇನ್ನೊಂದು ಸಲ ಬಾರಿಸು.” ಭಟ್ಟಿಯಣ್ಣ ಕೆಳಗಿನಿಂದ, “ಟಿಕೆಟ್ ತಗೊಂಡಿದ್ದೀಯಾ?” ಎಂದರು. “ಏಳು ವರ್ಷದ್ದು ತಗೊಂಡಿದ್ದೀನಿ,” ಎಂದು ಉತ್ತರ ಬಂತು.

ನಿಮ್ಮ ಗುಬ್ಬಿ ಕಟ್ಟಿದ ‘ಮರದ ಸೇತುವೆ’ ಧಾಟಿ ಹಿಡಿದೆ. ಮೊದಲ ಎಂಟು ಸುತ್ತು ಗಿಟಾರ್ ಒಂದೇ, ಒಂಬತ್ತಕ್ಕೆ ಅವನ ಮ್ಯಾಂಡೊಲಿನ್ ಬರುತ್ತದಲ್ಲ. ಎಂಟು ನುಡಿಸಿ ನಿಲ್ಲಿಸಿದೆ. ಮುಂದಕ್ಕೆ ಕೈ ಹೋಗಲಿಲ್ಲ. ದಿನಾ ಅಷ್ಟೇ.

ನನ್ನನ್ನು ಇನ್ನು ಗಡಿಯಾರ ಎನ್ನಬೇಡಿ. ತಾಳ ತಪ್ಪುವುದಿಲ್ಲ, ಹೊತ್ತು ತಪ್ಪುವುದಿಲ್ಲ ಎಂದು ಗುಬ್ಬಿ ಇಟ್ಟ ಹೆಸರು ಅದು. ಇಟ್ಟವನ ಜೊತೆಗೇ ಹೋಗಲಿ.

ಫಾರ್ಮಿನ ವಿಷಯ ನೀವು ಏನೂ ಬರೆಯಲಿಲ್ಲ. ಅರ್ಥವಾಯಿತು. ನನಗೆ ಬೇಸರವಿಲ್ಲ.

ಇಂತಿ


ಏಪ್ರಿಲ್ 20

ಮಗನೇ,

ಗಡಿಯಾರ ಬೇಡ ಅಂದೆ. ಸರಿ. ಓದುವ ಅಧಿಕಾರಿಗಳೇ, ನೀವೂ ಮರೆತುಬಿಡಿ.

ನೈಲಾನಿನ ತಂತಿ ಕಂಬಳಿ ಹೊದ್ದು ಮಾತಾಡಿದ ಹಾಗೆ ಅಂತ ಗುಬ್ಬಿ ಯಾವಾಗಲೂ ಮೂಗು ಮುರಿಯುತ್ತಿದ್ದ. ಆದರೆ ಅದರ ಎಳೆತ ಕಡಿಮೆ, ಎದ್ದ ಕುದುರೆಗೆ ಅದೇ ಒಳ್ಳೆಯದು. ಎರಡು ಜೊತೆ ಹೊಸದು ಕಳಿಸುತ್ತಿದ್ದೇನೆ. ತುದಿಗೆ ಎರಡು ಗಂಟು ಹಾಕಿ ತೂರಿಸು, ಒಂದು ಗಂಟು ಜಾರುತ್ತದೆ. ಪೊಟ್ಟಣವನ್ನು ಅಂಚೆಯವರು ಬಿಚ್ಚಿಹಾಕದ ಹಾಗೆ ನಾನೇ ಕೈಯಾರೆ ಬಿಗಿದು ಕಟ್ಟಿದ್ದೇನೆ.

ಫಾರ್ಮು ಬಂದಿದೆ. ನೀಲಿ ಕಾಗದ. ‘ಮೃತರ ಕುಟುಂಬದವರು ತಮಗೆ ತಿಳಿದಿರುವುದನ್ನು ಮುಚ್ಚುಮರೆಯಿಲ್ಲದೆ ಬರೆಯತಕ್ಕದ್ದು’ ಅಂತ ನೆತ್ತಿಯ ಮೇಲೆ ಅಚ್ಚಾಗಿದೆ. ಆ ಸಾಲಿನಿಂದ ಕೆಳಕ್ಕೆ ಪೆನ್ನು ಇಳಿಯುವುದಿಲ್ಲ. ಮೇಜಿನ ಮೇಲಿಟ್ಟೆ, ಅಂಟಿನ ಡಬ್ಬಿಯ ಕೆಳಗಿಟ್ಟೆ, ಈಗ ಕನ್ನಡಿಯ ಹಿಂದೆ ಇದೆ.

‘ಅರ್ಥವಾಯಿತು’ ಅಂದೆಯಲ್ಲ, ಏನು ಅರ್ಥವಾಯಿತು? ನನಗೆ ಹೇಳಬೇಕಾದ್ದು ಏನಾದರೂ ನಿನ್ನ ಹೊಟ್ಟೆಯಲ್ಲಿದ್ದರೆ ಹೇಳಿಬಿಡು. ಬೈಯುವುದಿದ್ದರೆ ಬೈ. ನೀನು ಏನೂ ಕೇಳದೆ ಇರುವುದೇ ನನಗೆ ದೊಡ್ಡ ಬೈಗುಳ.

ದೊಡ್ಡಮ್ಮ


ಮೇ 18

ಮಗನೇ,

ನಾಲ್ಕು ವಾರ ಆಯಿತು. ತಂತಿ ತಲುಪಿತೋ ಇಲ್ಲವೋ ಅಂತ ಒಂದು ಸಾಲು ಬರೆಯಲು ಹಾಳೆ ಇರಲಿಲ್ಲವೇ? ಬೈ ಅಂದೆ, ಬೈಯಲೂ ಇಲ್ಲ. ಬೀದಿಯಲ್ಲಿ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಉಳಿ ಕೆಳಗಿಟ್ಟು ಎದ್ದೇಳುತ್ತೇನೆ. ಎದುರುಗಡೆಯ ದರ್ಜಿ, “ಅಮ್ಮಾ, ನಿಮಗೆ ಪ್ರೇಮಪತ್ರ ಬರಬೇಕಾ?” ಅಂತ ನಗುತ್ತಾನೆ.

ಅತ್ತ ದರಿ, ಇತ್ತ ಹುಲಿ. ಫಾರ್ಮು ಬರೆದರೂ ಕಷ್ಟ, ಬರೆಯದಿದ್ದರೂ ಕಷ್ಟ. ಇದಕ್ಕಿಂತ ಹೆಚ್ಚು ಇವತ್ತು ಬರೆಯಲಾರೆ.

ದೊಡ್ಡಮ್ಮ


ಜೂನ್ 14

ದೊಡ್ಡಮ್ಮನವರಿಗೆ,

ಲಾಂಡ್ರಿಯಲ್ಲಿ ಕೆಲಸ ಜಾಸ್ತಿ ಇತ್ತು, ಬರೆಯಲು ಆಗಲಿಲ್ಲ. ಕ್ಷಮಿಸಿ. ನೈಲಾನ್ ತಂತಿ ತಲುಪಿತು, ಚೆನ್ನಾಗಿದೆ. ಗಿಟಾರನ್ನು ಈಗ ಬೇರೆಯವರೂ ನುಡಿಸುತ್ತಾರೆ. ನಾನು ಮೆಟ್ಟಿಲ ಹತ್ತಿರ ಹೋಗುತ್ತಿಲ್ಲ. ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ ಮಡಿಸುತ್ತೇವೆ. ಇಬ್ಬರು ಎರಡು ತುದಿ ಹಿಡಿದು ಎದುರುಬದುರು ಬಂದು ಹಿಂದೆ ಸರಿಯುವುದು. ಅದಕ್ಕೂ ಒಂದು ತಾಳ ಇದೆ. ಮಡಿಸುವ ಕೈಗೆ ಬೇರೆ ಯೋಚನೆ ಇರುವುದಿಲ್ಲ.

ನಾನು ಅರ್ಜಿಗೆ ಸಹಿ ಹಾಕಿಲ್ಲ. ಹಾಕುವುದೂ ಇಲ್ಲ. ಆದ್ದರಿಂದ ಫಾರ್ಮಿನ ಚಿಂತೆಯನ್ನು ನೀವು ಬಿಟ್ಟುಬಿಡಿ. ಇನ್ನೆರಡು ವರ್ಷ ದೊಡ್ಡದೇನಲ್ಲ.

ಇಂತಿ


ಜುಲೈ 3

ಮಗನೇ,

ಓದುವ ಅಧಿಕಾರಿಗಳೇ, ಇವತ್ತಿನ ಕಾಗದವನ್ನು ಅವಸರ ಮಾಡದೆ ಓದಿ. ಇದರಲ್ಲಿ ನಿಮಗೂ ವಿಷಯ ಇದೆ. ಒಂದು ಹಾಳೆಯ ನಿಯಮ ಮುರಿದು ಎರಡು ಹಾಳೆ ಬರೆದಿದ್ದೇನೆ, ಅದಕ್ಕೂ ಕ್ಷಮೆ ಇರಲಿ.

ಭಾನುವಾರ ನಿನಗೆ ಇನ್ನೊಂದು ಪೊಟ್ಟಣ ಕಟ್ಟುತ್ತಿದ್ದೆ. ಕಂಬ ಟೀ ಲೋಟ ಕೆಳಗಿಟ್ಟು ಎದ್ದು ಬಂದು ನನ್ನ ಕೈ ಹಿಡಿದ.

“ಅಮ್ಮಾ, ಆ ದಾರ ಬೇಡ.”

“ದಾರ ಎಲ್ಲಿದೆಯೋ, ಇದು ತಂತಿ.”

“ಅದೇ ಅಮ್ಮಾ. ತಂತಿ.”

ನಮ್ಮ ಮನೆಯಲ್ಲಿ ದಾರ ಕೊಂಡವರು ಯಾರು? ಬಿಚ್ಚಿದ ಹಳೆ ತಂತಿಯೆಲ್ಲಾ ಬಿಸ್ಕತ್ತಿನ ಡಬ್ಬಿಯಲ್ಲಿ, ಕಟ್ಟಬೇಕಾದ್ದೆಲ್ಲಾ ಅದರಲ್ಲೇ. ಟೊಮೆಟೊ ಗಿಡಕ್ಕೂ ಅದೇ, ನಿನ್ನ ಶಾಲೆಯ ಚೀಲದ ಹಿಡಿಗೂ ಅದೇ. ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ನೈಲಾನ್ ತಂತಿಯ ಪೊಟ್ಟಣಕ್ಕೆ ಉಕ್ಕಿನ ತಂತಿ ಸುತ್ತಿ ಜೈಲಿಗೆ ಕಳಿಸಿದವಳು ನಾನು. ಆಯುಧದ ಪಟ್ಟಿಯಲ್ಲಿದೆ ಅಂತ ನೀನೇ ಬರೆದಿದ್ದೆ, ನಾನು ಓದಿದ್ದೆ, ಆದರೂ.

ಮೇ ತಿಂಗಳಲ್ಲಿ ಕಂಬ ನಿನ್ನನ್ನು ನೋಡಲು ಬಂದಿದ್ದನಂತೆ. ಗೇಟಿನ ಗುಮಾಸ್ತ, “ಅವನಿಗೆ ನಲವತ್ತು ದಿನ ಭೇಟಿ ಇಲ್ಲ, ಪತ್ರ ಇಲ್ಲ, ಗಿಟಾರೂ ಇಲ್ಲ. ಹೊರಗಿನಿಂದ ತಂತಿ ತರಿಸಿಕೊಂಡಿದ್ದಾನೆ. ತಾನೇ ಕೇಳಿ ತರಿಸಿದ್ದು ಅಂತ ಒಪ್ಪಿಕೊಂಡ,” ಅಂದನಂತೆ.

“ನನಗೆ ಯಾಕೋ ಹೇಳಲಿಲ್ಲ?” ಅಂದೆ ಕಂಬನಿಗೆ.

“ಅವನೇ ಹೇಳದ್ದನ್ನ ನಾನು ಹೇಗೆ ಹೇಳಲಿ?”

ನೀನು ತಂತಿ ಕೇಳಿದ್ದೆಯಾ? ಇಲ್ಲ. ನನ್ನ ಹೆಸರು ಬಂದರೆ ನನ್ನ ಕಾಗದ ನಿಲ್ಲಿಸುತ್ತಾರೆ, ನನ್ನನ್ನು ಕರೆಸಿ ಕೇಳುತ್ತಾರೆ ಅಂತ ತಪ್ಪನ್ನು ನಿನ್ನ ತಲೆಗೆ ಕಟ್ಟಿಕೊಂಡೆ. ಆಮೇಲೆ ‘ಲಾಂಡ್ರಿಯಲ್ಲಿ ಕೆಲಸ ಜಾಸ್ತಿ’ ಅಂತ ಬರೆದೆ. ಆ ಸಾಲನ್ನು ಮತ್ತೆ ತೆಗೆದು ಓದಿದೆ. ಆಗ ನಿನ್ನ ಇನ್ನೊಂದು ಸುಳ್ಳು ನೆನಪಾಯಿತು.

ಕೋರ್ಟಿನಲ್ಲಿ ನಿನ್ನನ್ನು ಕೇಳಿದರು, “ರಾತ್ರಿ ನಿದ್ದೆ ಇಲ್ಲದಿದ್ದರೂ ಮಧ್ಯಾಹ್ನ ಯಾಕೆ ಹೊರಟಿರಿ?” ಅಂತ. “ನನಗೇ ಹೊರಡಬೇಕು ಅನ್ನಿಸಿತು,” ಅಂದೆ. ಮೂರನೇ ಬೆಂಚಿನಲ್ಲಿ ನಾನು ಕೂತಿದ್ದೆ. ಬಾಯಿ ಬಿಡಲಿಲ್ಲ.

ಅಧಿಕಾರಿಗಳೇ, ನಮ್ಮ ಅಂಗಡಿಯ ಕ್ರಮ ಹೀಗೆ. ಹೊಸ ಹಲಗೆ ಹಾಕಿದ ವಾದ್ಯ ಮೂರು ವಾರ ನುಡಿಸದೆ ಬಾಯಿ ಬಿಡುವುದಿಲ್ಲ. ಅದಕ್ಕೆ ಗಿರಾಕಿಗಳ ವಾದ್ಯವನ್ನು ನನ್ನ ಮಗ ಕಾರ್ಯಕ್ರಮಗಳಿಗೆ ಒಯ್ದು ನುಡಿಸಿ ಹದ ಮಾಡಿ ತರುತ್ತಿದ್ದ. ಗಿರಾಕಿಗಳಿಗೆ ನಾವು ಹೇಳುತ್ತಿರಲಿಲ್ಲ. ಆವತ್ತು ಅವನ ಹತ್ತಿರ ಇದ್ದದ್ದು ಒಬ್ಬ ಟೀಚರಮ್ಮನ ಮ್ಯಾಂಡೊಲಿನ್. ಸಂಜೆ ಆರಕ್ಕೆ ಬಂದು ಒಯ್ಯುತ್ತೇನೆ ಅಂತ ಅವರು ಮಧ್ಯಾಹ್ನ ಹೇಳಿ ಕಳಿಸಿದರು. ನಾನು ಒಂದೂ ಮುಕ್ಕಾಲಿಗೆ ಫೋನು ಮಾಡಿದೆ. ಮಗನಿಗಲ್ಲ, ಅವನು ಫೋನು ಎತ್ತುವವನಲ್ಲ. ಇವನಿಗೆ ಮಾಡಿದೆ. ಹೊತ್ತಿಗೆ ಸರಿಯಾಗಿ ಬರುವವನು ಇವನು.

ನೀನು ಅಂದೆ, “ದೊಡ್ಡಮ್ಮಾ, ರಾತ್ರಿಯೆಲ್ಲಾ ನಿದ್ದೆ ಇಲ್ಲ. ಎರಡು ಗಂಟೆ ಮಲಗಿ ಹೊರಡ್ತೀವಿ.”

ನಾನು ಅಂದೆ, “ಮನೆಗೆ ಬಂದು ಮಲಗಿ. ಆರು ಅಂದರೆ ಆರು. ನನ್ನ ಮರ್ಯಾದೆ ಪ್ರಶ್ನೆ.”

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ನನ್ನನ್ನು ಯಾರೂ ಕುಂಬಳಕಾಯಿ ಕಳ್ಳಿ ಅನ್ನಲಿಲ್ಲ, ಆದರೂ ಎರಡು ವರ್ಷದಿಂದ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ನೀನು ‘ನೀವು’ ಅನ್ನುವುದು, ಏನೂ ಕೇಳದೆ ಇರುವುದು ಎಲ್ಲಾ ಆ ಫೋನಿನ ಸಿಟ್ಟು ಅಂತಲೇ ತಿಳಿದಿದ್ದೆ. ಫಾರ್ಮು ಬರೆದರೆ ಇದನ್ನು ಬರೆಯಬೇಕು, ಅದಕ್ಕೇ ಬರೆಯಲಿಲ್ಲ. ನಾನು ಹೊರಗೆ ಮನೆಯಲ್ಲಿದ್ದೆ, ನೀನು ಜೈಲಿನೊಳಗಿದ್ದೆ, ಅಷ್ಟೇ ವ್ಯತ್ಯಾಸ. ಬೀಗ ಎರಡಕ್ಕೂ ಒಂದೇ.

ಈಗ ಬರೆದಿದ್ದೇನೆ. ಫೋನಿನ ಮಾತು, ಪೊಟ್ಟಣದ ತಂತಿ, ಎರಡೂ. ನಿನ್ನನ್ನು ಕೇಳಿ ಮಾಡಲಿಲ್ಲ. ರಿಜಿಸ್ಟರ್ ಅಂಚೆಯಲ್ಲಿ ಸೋಮವಾರವೇ ಹೋಯಿತು. ನೀನು ಸಹಿ ಹಾಕು.

ದೊಡ್ಡಮ್ಮ


ಜುಲೈ 16

ದೊಡ್ಡಮ್ಮಾ,

ಯಾಕೆ ಹಾಗೆ ಮಾಡಿದೆ? ಎರಡು ವರ್ಷ ಹಲ್ಲು ಕಚ್ಚಿ ಇಟ್ಟುಕೊಂಡದ್ದನ್ನು ಒಂದು ನೀಲಿ ಕಾಗದದಲ್ಲಿ ಬರೆದು ಕೊಟ್ಟುಬಿಟ್ಟೆಯಲ್ಲ. ಮೇಡಂ ನನ್ನನ್ನು ಕರೆಸಿ ಅದನ್ನು ಓದಿಸಿದರು. ನನಗೆ ಕೋಪ ಬಂತು.

ನೀನು ಫಾರ್ಮು ಬರೆಯದಿದ್ದಾಗ ನಾನು ಅಂದುಕೊಂಡದ್ದು ಬೇರೆ. ಮಗನನ್ನು ಕೊಂದವನನ್ನು ಬಿಡಿಸಿ ಅಂತ ಯಾವ ತಾಯಿ ಬರೆಯುತ್ತಾಳೆ ಅಂತ. ‘ನೀವು’ ಅಂದದ್ದು ಅದಕ್ಕೆ. ‘ನೀನು’ ಅನ್ನುವ ಹಕ್ಕು ನನಗೆ ಹೋಯಿತು ಅಂದುಕೊಂಡೆ. ಸಿಟ್ಟು ಎಲ್ಲಿಂದ ಬರಬೇಕು?

ಆದರೆ ನೀನು ಬರೆದದ್ದು ಅರ್ಧ. ಉಳಿದರ್ಧ ನಿನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಕಂಬ ಬಾಸ್ ಪಿಟೀಲಿನ ಜೊತೆ ರೈಲಿನಲ್ಲಿ ಹೋಗಿದ್ದ, ವ್ಯಾನಿನಲ್ಲಿ ನಾವಿಬ್ಬರೇ. ನಿನ್ನ ಫೋನು ಮುಗಿದ ಮೇಲೆ ಗುಬ್ಬಿ ನಿನ್ನನ್ನು ಅಣಕಿಸಿದ, ಇಬ್ಬರೂ ನಕ್ಕೆವು. ಹೊರಟೆವು. ಮೂರು ಗಂಟೆಯ ಹೊತ್ತಿಗೆ ಬಿಸಿಲು ಗಾಜಿನ ಮೇಲೆ ನೇರ ಬೀಳುತ್ತಿತ್ತು. ಅವನು ನನ್ನ ಮುಖ ನೋಡಿ ಅಂದ, “ಲೋ ಗಡಿಯಾರ, ಕಣ್ಣು ಮುಚ್ತಿದ್ದೀಯ. ಆ ಮರದ ಕೆಳಗೆ ಹಾಕು ಗಾಡಿ. ಅಮ್ಮ ಬೈದರೆ ನಾನು ಬೈಸ್ಕೋತೀನಿ.”

ಮರ ಇತ್ತು. ನೆರಳೂ ಇತ್ತು. ನಾನು ನಿಲ್ಲಿಸಲಿಲ್ಲ. “ಇನ್ನೆಷ್ಟು ದೂರ, ಐದೂವರೆಗೆ ಮನೆಯಲ್ಲಿರ್ತೀವಿ,” ಅಂದೆ. ನಿನ್ನ ಮಾತಿಗೆ ಹೆದರಿ ಅಲ್ಲ ದೊಡ್ಡಮ್ಮಾ. ನಾನು ಯಾವತ್ತೂ ಹೊತ್ತು ತಪ್ಪಿದವನಲ್ಲ ಅನ್ನುವ ಜಂಭ. ಅವನು, “ಸರಿ ಹಾಗಾದ್ರೆ, ನಿನ್ನ ಪಾಲಿಂದೂ ನಾನೇ ಮಲಗ್ತೀನಿ,” ಅಂತ ಮ್ಯಾಂಡೊಲಿನ್ ಪೆಟ್ಟಿಗೆಯ ಮೇಲೆ ತಲೆ ಇಟ್ಟ. ಅವನು ಮಲಗಿದ. ಹತ್ತು ನಿಮಿಷದ ಮೇಲೆ ನಾನೂ.

ನಿನ್ನ ಅರ್ಧ ಮಾತ್ರ ಮಂಡಳಿಯ ಮುಂದೆ ಹೋದರೆ ಅದು ಸುಳ್ಳಾಗುತ್ತದೆ. ಅದಕ್ಕೆ ಅರ್ಜಿಯಲ್ಲೇ ಇದನ್ನು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟಿದ್ದೇನೆ. ಬಿಡುಗಡೆಗೆ ಅಂತ ಅಲ್ಲ.

ನಿನ್ನ ಮಗ


ಆಗಸ್ಟ್ 2

ಮಗನೇ,

ಎರಡು ದಿನ ನಿನ್ನ ಮೇಲೆ ಸಿಟ್ಟು ಬಂತು. ಬರಲಿಲ್ಲ ಅಂದರೆ ಸುಳ್ಳು. ಒಂದು ಮರದ ನೆರಳು, ಅಷ್ಟೇ ಬೇಕಿತ್ತು. ಮೇಜಿನ ಮೇಲಿದ್ದ ಗಿಟಾರಿನ ಕತ್ತನ್ನು ಎಷ್ಟು ಒರಟಾಗಿ ಉಜ್ಜಿದೆ ಅಂದರೆ ಅದನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು.

ಮೂರನೇ ದಿನ ಬೇರೆ ಒಂದು ತೋಚಿತು. ಗುಬ್ಬಿ ಹೋದ ಮೇಲೆ ಅವನ ಮಾತು ನನಗೆ ಹೊಸದೊಂದೂ ಬಂದಿರಲಿಲ್ಲ. ಇದ್ದದ್ದನ್ನೇ ತಿರುವಿ ತಿರುವಿ ಸವೆದುಹೋಗಿತ್ತು. ನಿನ್ನ ಕಾಗದದಲ್ಲಿ ಹೊಸವು ಬಂದಿವೆ. ‘ಅಮ್ಮ ಬೈದರೆ ನಾನು ಬೈಸ್ಕೋತೀನಿ.’ ಅದನ್ನು ದರ್ಜಿಗೂ ಓದಿ ಹೇಳಿದೆ. ಅವನು ಹೊಲಿಗೆ ನಿಲ್ಲಿಸಿ ಕೇಳಿದ, ಏನೂ ತಮಾಷೆ ಮಾಡಲಿಲ್ಲ.

ನನ್ನನ್ನು ಏನಂತ ಅಣಕಿಸಿದ? ಅದನ್ನು ಬರೆ. ಒಂದಕ್ಷರ ಬಿಡಬೇಡ.

ಅಟ್ಟದ ಪೆಟ್ಟಿಗೆ ಇಳಿಸಿದೆ. ಒಳಗಿನ ಮ್ಯಾಂಡೊಲಿನ್ನಿನ ಕತ್ತು ಬುಡದಲ್ಲಿ ಮುರಿದಿದೆ. ಹಲಗೆ ನಡುಗೆರೆಯಲ್ಲೇ ಬಿಟ್ಟಿದೆ, ನಾನು ಅಂಟಿಸಿದ ಕಡೆಯೇ, ಎಂಥಾ ಕೆಲಸಗಾತಿ ನೋಡು. ಎಂಟು ಬಿರಡೆಯಲ್ಲಿ ಏಳು ತಿರುಗುತ್ತವೆ. ಟೀಚರಮ್ಮ ಆಗಲೇ, “ಅದು ನಿಮ್ಮ ಮನೆಯಲ್ಲೇ ಇರಲಿ,” ಅಂದಿದ್ದರು. ನಿನ್ನೆ ಹಲಗೆಗೆ ಅಂಟು ಹಾಕಿದೆ. ಕಂಬ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿದ್ದ. ಹೆಸರಿಗೆ ತಕ್ಕ ಹಾಗೆ.

ದೊಡ್ಡಮ್ಮ


ಸೆಪ್ಟೆಂಬರ್ 24

ದೊಡ್ಡಮ್ಮಾ,

ಮಂಡಳಿಯಲ್ಲಿ ಐದು ಜನ. ಎರಡೂ ಕಾಗದ ಅವರ ಮುಂದೆ ಇದ್ದವು. ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು ಕೇಳಿದರು, “ಆಕೆ ತಪ್ಪು ತನ್ನದು ಅಂತಾರೆ, ನೀನು ನಿನ್ನದು ಅಂತೀಯ. ಯಾವುದನ್ನ ನಂಬೋಣ?”

“ಎರಡನ್ನೂ, ಸಾರ್.”

“ಬೇರೆಯವರು ತಪ್ಪು ಇನ್ನೊಬ್ಬರ ಮೇಲೆ ಹಾಕೋಕೆ ಬರ್ತಾರೆ. ನಿಮ್ಮ ಮನೆಯಲ್ಲಿ ಅದಕ್ಕೂ ಪೈಪೋಟಿಯೇನಪ್ಪಾ?” ಅಂದರು. ಕನ್ನಡಕ ಹಾಕಿಕೊಂಡು ಮತ್ತೆ ಕಾಗದ ತಿರುವಿದರು.

ನಿನ್ನೆ ಓದಿ ಹೇಳಿದರು. ಡಿಸೆಂಬರ್ 6ಕ್ಕೆ ಬಿಡುಗಡೆ. ಉಳಿದ ಶಿಕ್ಷೆ ಮುಗಿಯುವವರೆಗೆ ತಿಂಗಳಿಗೊಮ್ಮೆ ಬಂದು ಸಹಿ ಹಾಕಬೇಕು, ಗಾಡಿ ಓಡಿಸಬಾರದು. ಓಡಿಸಬಾರದು ಅಂತ ಅವರು ಬರೆಯುವ ಅಗತ್ಯವೇ ಇರಲಿಲ್ಲ.

ನನಗೆ ಸಂತೋಷ ಆಯಿತೇ ಅಂತ ಕೇಳಬೇಡ. ಹೊರಗೆ ಬಂದರೆ ಆ ಮನೆ, ಆ ಮೇಜು, ಅವನಿಲ್ಲದ ಕೋಣೆ. ಇಲ್ಲಿ ಕಂಬಿ ಕಣ್ಣಿಗಾದರೂ ಕಾಣುತ್ತದೆ.

ಅಣಕ ಕೇಳಿದ್ದೆಯಲ್ಲ. ಸೊಂಟದ ಮೇಲೆ ಕೈ ಇಟ್ಟು, ಧ್ವನಿ ಎತ್ತರ ಮಾಡಿ ಅಂದ, “ಆರು ಅಂದರೆ ಆರು. ನನ್ನ ಮರ್ಯಾದೆ ಪ್ರಶ್ನೆ. ಬರುವಾಗ ಹಾಲು ತನ್ನಿ.” ನೀನು ಆವತ್ತು ಹಾಲಿನ ಮಾತು ಆಡಿರಲಿಲ್ಲ. ಅದು ಅವನು ಸೇರಿಸಿದ್ದು. ನೀನು ಬೇರೆ ಯಾವ ಫೋನಿನ ಕೊನೆಗೂ ಅದನ್ನು ಹೇಳದೆ ಬಿಟ್ಟವಳಲ್ಲವಲ್ಲ.

ನಿನ್ನೆ ಸಂಜೆ ಮತ್ತೆ ಮೆಟ್ಟಿಲ ಬುಡಕ್ಕೆ ಹೋದೆ. ‘ಮರದ ಸೇತುವೆ’ಯ ಎಂಟು ಸುತ್ತು ನುಡಿಸಿದೆ. ಒಂಬತ್ತಕ್ಕೆ ನಿಲ್ಲಿಸಲಿಲ್ಲ. ಅವನು ಬರುವ ಜಾಗವನ್ನು ಖಾಲಿ ಬಿಟ್ಟು, ಕಾಲಿನಲ್ಲಿ ತಾಳ ಹಾಕಿಕೊಂಡು ನನ್ನ ಪಾಲಿನದ್ದನ್ನು ಮಾತ್ರ ಕೊನೆಯವರೆಗೂ ನುಡಿಸಿದೆ. ಮುಗಿದ ಮೇಲೆ ಭಟ್ಟಿಯಣ್ಣ ಕೇಳಿದರು, “ನಡುವೆ ಯಾರಿಗೋ ಜಾಗ ಬಿಟ್ಟ ಹಾಗಿತ್ತಲ್ಲ?”

“ಹೌದು,” ಅಂದೆ.

ನಿನ್ನ ಮಗ


ನವೆಂಬರ್ 20

ಮಗನೇ,

ಓದುವ ಅಧಿಕಾರಿಗಳೇ, ನಿಮಗೆ ಇದು ಕೊನೆಯ ಕಾಗದ. ಇಷ್ಟು ದಿನ ನನ್ನ ಕಾಗೆ ಕಾಲನ್ನು ಸೈರಿಸಿದ್ದಕ್ಕೆ ದೊಡ್ಡ ನಮಸ್ಕಾರ. ನಿಮ್ಮ ಮನೆಯಲ್ಲಿ ಮುರಿದ ವಾದ್ಯ ಏನಾದರೂ ಇದ್ದರೆ ಕಳಿಸಿ. ವಾಪಸ್ಸು ಕಳಿಸುವಾಗ ದಾರದಲ್ಲೇ ಕಟ್ಟುತ್ತೇನೆ. ದಾರ ಕೊಂಡಿದ್ದೇನೆ.

‘ಹಾಲು ತನ್ನಿ’ ಓದಿ ನಕ್ಕೆ. ಆಮೇಲೆ ಆಗಬೇಕಾದ್ದೂ ಆಯಿತು. ಅದು ಬಿಡು.

ಮ್ಯಾಂಡೊಲಿನ್ ಎದ್ದು ಕೂತಿದೆ. ಟೀಚರಮ್ಮನಿಗೆ ಹೇಳಿ ಕಳಿಸಿದೆ, ಬಂದರು. ಎಲ್ಲಾ ಹೇಳಿದೆ. ಅವರ ವಾದ್ಯವನ್ನು ಊರೂರು ಸುತ್ತಿಸುತ್ತಿದ್ದದ್ದು, ಆರು ಗಂಟೆಯ ಮಾತು, ಎಲ್ಲಾ. ಅವರು ಹೇಳಿದರು, “ಆವತ್ತು ನನಗೆ ಆತುರ ಇರಲಿಲ್ಲ ಅಮ್ಮಾ. ದಾರಿಯಲ್ಲಿ ನಿಮ್ಮ ಮನೆ ಸಿಗುತ್ತೆ ಅಂತ ಆರಕ್ಕೆ ಬರ್ತೀನಿ ಅಂದೆ. ನಾಳೆ ಬನ್ನಿ ಅಂದಿದ್ದರೆ ನಾಳೆ ಬರ್ತಿದ್ದೆ.”

ಇದನ್ನು ನಿನಗೆ ಬರೆಯಬೇಕೋ ಬೇಡವೋ ಅಂತ ಒಂದು ವಾರ ಯೋಚಿಸಿದೆ. ಹೇಳದೆ ಇಟ್ಟುಕೊಂಡದ್ದರಿಂದ ಏನಾಯಿತು ಅಂತ ಇಬ್ಬರಿಗೂ ಗೊತ್ತು. ಅದಕ್ಕೆ ಬರೆದೆ. ಇದು ಎಂದೂ ಇಳಿಯುವ ಭಾರ ಅಲ್ಲ. ಒಂದು ತುದಿ ನೀನು ಹಿಡಿ, ಒಂದು ತುದಿ ನಾನು ಹಿಡಿಯುತ್ತೇನೆ. ನಿನ್ನ ಲಾಂಡ್ರಿಯ ಬಟ್ಟೆಯ ಹಾಗೆ.

ವಾದ್ಯ ಇನ್ನೂ ಮುನಿಸಿಕೊಂಡಿದೆ. ಮೂರು ವಾರ ಯಾರಾದರೂ ನುಡಿಸಬೇಕು. ನಿನಗೆ ಮ್ಯಾಂಡೊಲಿನ್ ಬರುವುದಿಲ್ಲ ಅಂತ ಗೊತ್ತು. ಗುಬ್ಬಿಗೂ ಮೊದಲು ಬರುತ್ತಿರಲಿಲ್ಲ. ನೀನು ಚಿಕ್ಕವನಿದ್ದಾಗ ನನ್ನ ಮೇಜಿನ ಕೆಳಗೆ ಮರದ ಹೊಟ್ಟಿನ ಮೇಲೆ ಮಲಗಿಬಿಡುತ್ತಿದ್ದೆ, ನೆನಪಿದೆಯೇ? ಹೊಟ್ಟು ಈಗಲೂ ಅಲ್ಲೇ ಬೀಳುತ್ತದೆ, ನಾನೂ ಗುಡಿಸುವುದಿಲ್ಲ.

ಆರನೇ ತಾರೀಕು ಕಂಬ ಗೇಟಿನ ಹತ್ತಿರ ಇರುತ್ತಾನೆ. ಬಸ್ಸಿಗೆ ಬನ್ನಿ. ಯಾವ ಬಸ್ಸು, ಎಷ್ಟು ಹೊತ್ತಿಗೆ ಅಂತ ನಾನು ಕೇಳುವುದಿಲ್ಲ. ನಡುವೆ ಎಲ್ಲಾದರೂ ದಣಿವಾದರೆ ಇಳಿದುಬಿಡಿ. ಮರ ಕಂಡರೆ ಅದರ ಕೆಳಗೆ ಮಲಗಿ. ಮಾರನೇ ದಿನ ಬಂದರೂ ಆಯಿತು, ಅದರ ಮಾರನೇ ದಿನವಾದರೂ ಆಯಿತು.

ಬರುವಾಗ ಹಾಲು ತನ್ನಿ. ದಾರಿಯಲ್ಲಿ ಒಡೆದರೆ ಒಡೆಯಲಿ.

ದೊಡ್ಡಮ್ಮ